ಕಾಲಿಗೊಬ್ಬರು, ಬಾಗಿಲಿಗೊಬ್ಬರು

"ನಾಳೆ ಬೆಳಿಗ್ಗೆ ನಿಮಗೆ ಓಟಿ ಇದೆ ಅಮ್ಮಾ" ಎಂದು ವಾರ್ಡಿನ ಸಿಸ್ಟರ್ ಹೇಳಿ ಹೋದಾಗ ನನ್ನ ಎದೆ ಧಸಕ್ಕೆಂದಿತು. ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂತ ಯಾರಿಗೆ ಗೊತ್ತಿಲ್ಲ? ಎರಡು ದಿನದ ಹಿಂದಷ್ಟೇ ಅದರೊಳಗೆ ಹೋಗಿ ಬಂದಿದ್ದೆ. ಮತ್ತೆ ಯಾಕೆ? ಹಾಕಿದ್ದು ಸರಿಯಾಗಲಿಲ್ಲವೋ ಏನೋ! ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಗಳು ತಂದ ಕಾಫಿಯನ್ನೂ ಮುಟ್ಟದೆ, ಹೊಟ್ಟೆ ಖಾಲಿ ಇಟ್ಟುಕೊಂಡು ಕಾದೆ.

ಬಂದದ್ದು ಒಬ್ಬಳು ಹುಡುಗಿ. ಕೈಯಲ್ಲಿ ಕತ್ತರಿಯಿಲ್ಲ, ಸೂಜಿಯಿಲ್ಲ. ಒಂದು ಬಾಚಣಿಗೆ ಇತ್ತು.

"ಅಮ್ಮಾ, ನಾನು ಓಟಿ. ಆಕ್ಯುಪೇಷನಲ್ ಥೆರಪಿಸ್ಟ್. ಬನ್ನಿ, ಆ ಬೇಸಿನ್ ತನಕ ನಡೆದು ಮುಖ ತೊಳೆದು ತಲೆ ಬಾಚಿಕೊಳ್ಳೋಣ" ಎಂದಳು.

ಪಕ್ಕದ ಮಂಚದವರೆಲ್ಲ ನಕ್ಕರು. ನಾನೂ ನಕ್ಕೆ. ಆರಿ ಹೋಗಿದ್ದ ಕಾಫಿಯನ್ನು ಆಮೇಲೆ ಕುಡಿದೆ.

ಆಸ್ಪತ್ರೆ ಸೇರಿದ ಕಥೆ ಚಿಕ್ಕದು. ಬೈಕಂಪಾಡಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಹಳೆಯ ಹೆಂಚಿನ ಮನೆ. ಜೂನ್ ತಿಂಗಳ ಮಳೆಯ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ, ಬಚ್ಚಲಿನಲ್ಲಿ ಕಾಲು ಜಾರಿತು. ಟವೆಲ್ ಹಾಕುವ ಸರಳನ್ನು ಹಿಡಿದೆ. ಅದು ಗೋಡೆಯಿಂದ ಕಿತ್ತು ನನ್ನ ಜೊತೆಗೇ ಬಿತ್ತು. ತೊಡೆಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿತ್ತು. ಡಾಕ್ಟರು ಕೀಲಿನ ಅರ್ಧ ಭಾಗವನ್ನು ಹೊಸದಾಗಿ ಕೂರಿಸಿದರು. ನನಗೆ ಆಗ ಎಪ್ಪತ್ತೊಂದು.

ಆಪರೇಷನ್ ಆದ ಮರುದಿನವೇ ಒಬ್ಬ ಹುಡುಗ ಬಂದು ನನ್ನನ್ನು ನಿಲ್ಲಿಸಿದ್ದ. ಅವನು ಫಿಸಿಯೋಥೆರಪಿಸ್ಟ್. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಅದಕ್ಕೇ ಈ ಅವಸರ ಎಂದ. "ಮೊದಲು ವಾಕರ್ ಮುಂದೆ, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೆಯ ಕಾಲು" ಎಂದು ಹೇಳಿಕೊಟ್ಟ. ಮಂಚದ ಬದಿ ಹಿಡಿದು ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕಿಸಿದ. ಏಡಿಯ ಹಾಗೆ ಅಡ್ಡಡ್ಡ ನಡೆದು ನಾನು ಹೋಗುವುದಾದರೂ ಎಲ್ಲಿಗೆ ಎಂದು ಮನಸ್ಸಿನಲ್ಲೇ ಗೊಣಗಿದೆ.

ಆ ಹುಡುಗಿ ಬಂದ ಮೇಲೆ ನನ್ನ ಗೊಣಗಾಟ ಇನ್ನೂ ಹೆಚ್ಚಾಯಿತು. ಅವನು ಬೆಳಿಗ್ಗೆ ಕಾರಿಡಾರಿನಲ್ಲಿ ನಡೆಸುವುದು, ಇವಳು ಮಧ್ಯಾಹ್ನ ಬೇಸಿನ್ ತನಕ ನಡೆಸುವುದು. ಅವನೂ ಅದೇ ವಾಕರ್ ಹಿಡಿಸುವುದು, ಇವಳೂ ಅದನ್ನೇ. ಕೊನೆಗೆ ಕೇಳಿಯೇ ಬಿಟ್ಟೆ: "ಅಲ್ಲಮ್ಮಾ, ನಡೆಸುವುದಕ್ಕೆ ಅವನಿದ್ದಾನಲ್ಲ, ನೀನು ಯಾಕೆ? ಆಕ್ಯುಪೇಷನ್ ಅಂದರೆ ಉದ್ಯೋಗ. ಈ ಪ್ರಾಯದಲ್ಲಿ ನನಗೆ ಇನ್ಯಾವ ಉದ್ಯೋಗ ಕೊಡಿಸುತ್ತೀ?"

ಅವಳು ಸಿಟ್ಟಾಗಲಿಲ್ಲ. "ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ನೀವು ಮಾಡುವುದೆಲ್ಲ ನಮಗೆ ಉದ್ಯೋಗವೇ. ಸೀರೆ ಉಡುವುದು, ಸ್ನಾನ, ಅಡುಗೆ, ಎಲ್ಲವೂ. ಈಗ ಹೇಳಿ, ಮನೆಗೆ ಹೋದ ಮೇಲೆ ನೀವು ನಡೆದು ಎಲ್ಲಿಗೆ ಹೋಗಬೇಕು?"

ಅಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಷ್ಟು ಹೆಜ್ಜೆ ನಡೆದಿರಿ ಎಂದು ಕೇಳಿದ್ದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ದನಿ ತಗ್ಗಿಸಿ, "ರಾತ್ರಿ ಹೊತ್ತು ಬಚ್ಚಲಿಗೆ. ಒಬ್ಬಳೇ. ಯಾರನ್ನೂ ಎಬ್ಬಿಸದೆ" ಎಂದೆ.

ಅದರ ಹಿಂದೆ ಇನ್ನೊಂದು ವಿಷಯ ಇತ್ತು. ಬೆಂಗಳೂರಿನಲ್ಲಿರುವ ಮಗ, "ಅಮ್ಮಾ, ಇನ್ನು ಒಬ್ಬರೇ ಇರುವುದು ಬೇಡ. ನಮ್ಮ ಫ್ಲಾಟಿಗೆ ಬನ್ನಿ. ಆ ಮನೆಯನ್ನು ಏನು ಮಾಡುವುದೆಂದು ಆಮೇಲೆ ನೋಡೋಣ" ಎಂದಿದ್ದ. ಅವನು ಹೇಳಿದ್ದು ಪ್ರೀತಿಯಿಂದಲೇ. ಆದರೆ 'ಆಮೇಲೆ ನೋಡೋಣ' ಅಂದರೆ ಏನೆಂದು ನನಗೆ ಅರ್ಥವಾಗದೆ ಇರುತ್ತದೆಯೇ?

ಹತ್ತು ದಿನಕ್ಕೆ ಮನೆಗೆ ಬಂದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದವಳು ನಾನು. ಜಂಬವೂ ಸ್ವಲ್ಪ ಬಂದಿತ್ತು. ಮೊದಲ ದಿನವೇ ಬಚ್ಚಲಿನ ಬಾಗಿಲಿನಲ್ಲಿ ವಾಕರ್ ಸಿಕ್ಕಿಹಾಕಿಕೊಂಡಿತು! ಒಳಗೆ ಹೋಗುವುದಿಲ್ಲ. ಓರೆ ಮಾಡಿ ತೂರಿಸಲು ಹೋದೆ, ತೂಕ ತಪ್ಪಿತು. ಮಗಳು ಹಿಂದಿನಿಂದ ಹಿಡಿಯದಿದ್ದರೆ ಇನ್ನೊಂದು ಕಾಲೂ ಹೋಗುತ್ತಿತ್ತು. ಆ ಸಂಜೆ ಅತ್ತೆ. ನಡೆಯಲು ಬಂದರೂ ಹೋಗಬೇಕಾದಲ್ಲಿಗೆ ಹೋಗಲಾಗದಿದ್ದರೆ ಏನು ಉಪಯೋಗ? ಬೆಂಗಳೂರಿಗೆ ಹೊರಡುವುದೇ ಸರಿ ಅನ್ನಿಸಿತು.

ಮಗಳು ಆ ಹುಡುಗಿಗೆ ಫೋನ್ ಮಾಡಿದಳು. ಅವಳು ಭಾನುವಾರ ಮನೆಗೇ ಬಂದಳು, ಆ ಹುಡುಗನನ್ನೂ ಕರೆದುಕೊಂಡು. ಆರನೇ ಕ್ಲಾಸಿನ ನನ್ನ ಮೊಮ್ಮಗಳು ಟೇಪು ಹಿಡಿದು ಅಳತೆ ತೆಗೆದಳು. ವಾಕರ್ 25 ಇಂಚು ಅಗಲ, ಬಾಗಿಲು 23 ಇಂಚು. ಎರಡು ಇಂಚಿಗಾಗಿ ನಾನು ಊರು ಬಿಡುವುದರಲ್ಲಿದ್ದೆ!

ಮುಂದಿನ ಒಂದು ಗಂಟೆ ಅವರಿಬ್ಬರ ಕೆಲಸ ನೋಡಬೇಕಿತ್ತು. ಬಾಗಿಲಿನ ಒಳಗೆ ಗೋಡೆಗೆ ಗಟ್ಟಿ ಕಂಬಿ ಹಾಕಿಸಿ, ವಾಕರನ್ನು ಹೊರಗೇ ಬಿಟ್ಟು ಕಂಬಿ ಹಿಡಿದು ಹೋಗಬಹುದು ಎಂದಳು ಅವಳು. "ಹಾಗಾದರೆ ಅಡ್ಡ ಹೆಜ್ಜೆ ಬೇಕು. ಅದನ್ನು ಅವರು ಕಲಿತಿದ್ದಾರಲ್ಲ!" ಎಂದ ಅವನು. ಏಡಿ ನಡಿಗೆ! ಕಂಬಿ ಎಷ್ಟು ಎತ್ತರದಲ್ಲಿದ್ದರೆ ನನ್ನ ತೋಳಿಗೆ ಬಲ ಬರುತ್ತದೆ ಎಂದು ಅವನು ನೋಡಿದ. ಒಳಗೆ ಹೋದ ಮೇಲೆ ಯಾವ ಕಡೆ ತಿರುಗಿ ಕೂರಬೇಕು ಎಂದು ಅವಳು ನಡೆಸಿ ತೋರಿಸಿದಳು. ಯಾರ ಕೆಲಸ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತೋ ನನಗೆ ಗೊತ್ತಾಗಲಿಲ್ಲ. ಯಕ್ಷಗಾನ ನೋಡಿದವರಿಗೆ ಗೊತ್ತು, ಚೆಂಡೆಯೂ ಮದ್ದಳೆಯೂ ನುಡಿಯುವುದು ಒಂದೇ ತಾಳಕ್ಕೆ. ಹಾಗೆಂದು ಒಂದಿದ್ದರೆ ಸಾಕು ಎಂದು ಯಾರೂ ಹೇಳುವುದಿಲ್ಲ.

ಮಕ್ಕಳೇ, ಅಡ್ಡ ಹೆಜ್ಜೆಯಲ್ಲಿ ಏನಿದೆ ಅಂತ ನೀವೇ ನೋಡಿ. ಎದ್ದು ನಿಂತು ಸೊಂಟದ ಕೆಳಗೆ ಬಲಗಡೆ ಕೈ ಇಡಿ. ಈಗ ಎಡಗಾಲು ಎತ್ತಿ. ಕೈಯ ಅಡಿಯಲ್ಲಿ ಒಂದು ಸ್ನಾಯು ಗಟ್ಟಿಯಾಯಿತಲ್ಲ? ಒಂದು ಕಾಲು ಎತ್ತಿದಾಗ ಸೊಂಟ ಆ ಕಡೆಗೆ ಕುಸಿಯದಂತೆ ಹಿಡಿಯುವುದು ಅದೇ. ಪ್ರತಿ ಹೆಜ್ಜೆಗೂ ಅದು ಕೆಲಸ ಮಾಡಬೇಕು. ಮೂಳೆ ಮುರಿದು ಆಪರೇಷನ್ ಆದವರಲ್ಲಿ ಅದು ಸೋತಿರುತ್ತದೆ. ಅಡ್ಡ ನಡೆದರೆ ಅದಕ್ಕೆ ಬಲ ಬರುತ್ತದೆ. ನಾನು ಗೊಣಗಿದ ಆ ವ್ಯಾಯಾಮವೇ ಕೊನೆಗೆ ನನ್ನನ್ನು ಬಾಗಿಲು ದಾಟಿಸಿತು.

ಮನೆಯಲ್ಲಿ ಬೇರೆ ಬದಲಾವಣೆಗಳೂ ಆದವು. ಒಳಕ್ಕೆ ತೆರೆಯುತ್ತಿದ್ದ ಬಚ್ಚಲಿನ ಬಾಗಿಲನ್ನು ಬಡಗಿ ಹೊರಕ್ಕೆ ತೆರೆಯುವಂತೆ ಮಾಡಿದ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಹೊರಗಿನವರು ತಳ್ಳಿ ತೆರೆಯಲಾಗುವುದಿಲ್ಲವಲ್ಲ. ತಗ್ಗಿನಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ನೆಲದ ಕಕ್ಕಸಿನ ಮೇಲೆ ಕಮೋಡ್ ಕುರ್ಚಿ ಬಂತು, ತುರಿಮಣೆ ಅಟ್ಟ ಸೇರಿತು, ತೆಂಗಿನಕಾಯಿ ತುರಿಯಲು ಕಟ್ಟೆಗೆ ಸಿಕ್ಕಿಸುವ ಯಂತ್ರ ಬಂತು. ಕಾಲೊರಸುವ ಹಳೆಯ ಸೀರೆಯ ತುಂಡುಗಳನ್ನೆಲ್ಲ ಮೊಮ್ಮಗಳು ಎತ್ತಿಟ್ಟಳು. ಮಂಚದಿಂದ ಬಚ್ಚಲಿನ ತನಕ ಒಂದು ಸಣ್ಣ ಬಲ್ಬು ರಾತ್ರಿಯಿಡೀ ಉರಿಯುತ್ತದೆ. ನೂರಾರು ರೂಪಾಯಿಯ ಔಷಧಿಗಿಂತ ಇವು ನನ್ನನ್ನು ಹೆಚ್ಚು ಕಾಪಾಡಿವೆ ಎಂದೇ ನನ್ನ ನಂಬಿಕೆ.

ಈ ಎರಡು ವಿದ್ಯೆಗಳ ಬಗ್ಗೆ ಮೊಮ್ಮಗಳು ಶಾಲೆಯ ಪ್ರಾಜೆಕ್ಟನ್ನೇ ಮಾಡಿದಳು. ಒಂದನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ಬದುಕಿಗೆ ತರುವ ಕೆಲಸದಲ್ಲಿ ಎರಡೂ ಬೆಳೆದವಂತೆ. ಅಮೆರಿಕದಲ್ಲಿ ಹುಟ್ಟಿ ನಮ್ಮ ದೇಶದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಯ ಶಾಲೆ ಶುರುಮಾಡಿದರು. 1952ರಲ್ಲಿ ಈ ವೃತ್ತಿಯ ವಿಶ್ವ ಸಂಘ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಮರುವರ್ಷ ಮುಂಬಯಿಯಲ್ಲೇ ಫಿಸಿಯೋಥೆರಪಿ ಶಾಲೆಯೂ ಬಂತು. ಈಗ ನಮ್ಮ ಹತ್ತಿರದ ಮಣಿಪಾಲದಲ್ಲಿ ಎರಡನ್ನೂ ಕಲಿಸುತ್ತಾರೆ. ಸೆಪ್ಟೆಂಬರ್ 8 ಅವರ ದಿನ, ಅಕ್ಟೋಬರ್ 27 ಇವರ ದಿನ. ಎರಡು ದಿನವೂ ನಾನು ಫೋನ್ ಮಾಡಿ ಶುಭಾಶಯ ಹೇಳಿದೆ.

ಬಚ್ಚಲು ಗೆದ್ದ ಮೇಲೆ ಹುಡುಗಿ ಕೇಳಿದಳು, "ಇನ್ನು ಎಲ್ಲಿಗೆ ಅಮ್ಮಾ?" ಈ ಸಲ ನಾಚಿಕೆಯಿಲ್ಲದೆ ಹೇಳಿದೆ: "ಗೇಟಿಗೆ. ಮೀನಿನವಳು ಬಂದಾಗ."

ಮಗಳು ತರುವ ಮೀನಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಬಂಗುಡೆಯನ್ನು ಕಿವಿರು ಎತ್ತಿ ನೋಡಿಯೇ ತೆಗೆದುಕೊಳ್ಳಬೇಕು. ಅದಕ್ಕೆ ಒಂದು ಕೈ ವಾಕರಿನ ಮೇಲಿಟ್ಟು ಇನ್ನೊಂದು ಕೈಯನ್ನು ಬುಟ್ಟಿಗೆ ಚಾಚಬೇಕು, ಜೊತೆಗೆ ಚರ್ಚೆಯನ್ನೂ ಮಾಡಬೇಕು. ಇದು ಸಣ್ಣ ವಿಷಯವಲ್ಲ. ಮಾತಾಡಿಸಿದರೆ ನಡಿಗೆ ನಿಲ್ಲಿಸಿಬಿಡುವ ವಯಸ್ಸಾದವರು ಬೀಳುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ಕಂಡುಕೊಂಡಿದ್ದಾರೆ ಎಂದು ಹುಡುಗ ಹೇಳಿದ. ಹಾಗಾಗಿ ಅವನು ನಡೆಸುತ್ತಾ ಮಗ್ಗಿ ಕೇಳಿದ. ಹದಿಮೂರರ ಮಗ್ಗಿ ತಪ್ಪಿತು, ಹೆಜ್ಜೆ ತಪ್ಪಲಿಲ್ಲ. ಹುಡುಗಿ ಕಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟು, ನಿಂತಲ್ಲಿಂದಲೇ ಆರಿಸಿ ತೆಗೆಯಲು ಹೇಳಿದಳು. ಮೊಮ್ಮಗಳು ವಾಕರಿಗೆ ಬಟ್ಟೆಯ ಚೀಲ ಕಟ್ಟಿದಳು. ಭಾರ ಹೆಚ್ಚಾದರೆ ವಾಕರ್ ಮುಂದಕ್ಕೆ ಮಗುಚುತ್ತದೆ, ಅರ್ಧ ಕಿಲೋಗಿಂತ ಹೆಚ್ಚು ಮೀನು ಬೇಡ ಎಂದು ಅವಳದೇ ಕಾನೂನು.

ನವರಾತ್ರಿಯ ಹೊತ್ತಿಗೆ ಗೇಟಿಗೆ ಹೋದೆ. ಮೀನಿನವಳು ನನ್ನನ್ನು ನೋಡಿ ಬುಟ್ಟಿ ಇಳಿಸಿದಳು. ಬೆಲೆಯಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಇಳಿಸಲಿಲ್ಲ.

ದೀಪಾವಳಿಗೆ ಮಗ ಬಂದ. ಬಾಗಿಲು, ಕಂಬಿ, ಬಲ್ಬು ಎಲ್ಲ ನೋಡಿದ. ಕಂಬಿಯನ್ನು ಎರಡು ಸಲ ಎಳೆದು ಪರೀಕ್ಷಿಸಿದ. ಬೆಂಗಳೂರಿನ ಮಾತು ಪೂರ್ತಿ ನಿಂತಿಲ್ಲ. "ಮುಂದಿನ ಮಳೆಗಾಲಕ್ಕೆ ಮೊದಲು ನೋಡೋಣ" ಎಂದಿದ್ದಾನೆ. ನೋಡೋಣ. ನನಗೂ ಪ್ರಾಯ ಇಳಿಯುವುದಿಲ್ಲವಲ್ಲ.

ಅವನು ಬಂದ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಹೆದ್ದಾರಿಯಲ್ಲಿ ಬಂದರಿನ ಕಡೆಗೆ ಕಂಟೇನರ್ ಲಾರಿಗಳು ಹೋಗುತ್ತಿದ್ದವು. ಮಗ ಚಾವಡಿಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಮಂಚದ ಅಂಚಿನಲ್ಲಿ ಕೂತು ಒಂದು ನಿಮಿಷ ಸುಧಾರಿಸಿಕೊಂಡು ವಾಕರ್ ಹಿಡಿದೆ. ಹದಿನಾಲ್ಕು ಹೆಜ್ಜೆ ಮುಂದಕ್ಕೆ, ಮೂರು ಹೆಜ್ಜೆ ಅಡ್ಡಕ್ಕೆ. ಹೋಗಿ ಬಂದು ಮಲಗಿದೆ. ಯಾರನ್ನೂ ಎಬ್ಬಿಸಲಿಲ್ಲ.