ನಂದಿಬಟ್ಟಲಿನ ಹಸಿರು ಅತಿಥಿ

ಕಡೂರಿನ ತೆಂಗಿನ ತೋಟಗಳು ಹಿಂದಾದ ಮೇಲೆ ಬೀರೂರಿನಲ್ಲಿ ರೈಲು ಹಳಿ ಕವಲೊಡೆಯುತ್ತೆ. ಒಂದು ತರೀಕೆರೆಯ ಅಡಿಕೆ ತೋಟ, ಮಲೆನಾಡಿನ ಅಂಚಿಗೆ. ಇನ್ನೊಂದು ಅಜ್ಜಂಪುರದ ಬಯಲಿಗೆ. ನಾನು ಹೊರಟಿದ್ದು ಅಜ್ಜಂಪುರಕ್ಕೆ, ಒಬ್ಬರೇ ಇರುವ ದೊಡ್ಡಮ್ಮನ ಮನೆಗೆ.

ಅಂಗಳದ ನಂದಿಬಟ್ಟಲು ಅರ್ಧ ಬೋಳಾಗಿತ್ತು. "ದೊಡ್ಡಪ್ಪ ನೆಟ್ಟ ಗಿಡ ಕಣೋ. ಹುಳ ತಿಂದು ಪೂಜೆಗೆ ಹೂವೇ ಇಲ್ಲ. ಔಷಧಿ ಹೊಡಿ" ಅಂದ್ರು.

ಎಲೆ ಸರಿಸಿ ನೋಡಿದೆ. ಬೆರಳುದ್ದದ ಹಸಿರು ಹುಳ, ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಚುಕ್ಕೆ. ಫೋನಿನಲ್ಲಿ ಹುಡುಕಿದರೆ ಓಲಿಯಾಂಡರ್ ಹಾಕ್ ಮಾತ್, 1758ರಲ್ಲಿ ಲಿನೇಯಸ್ ಹೆಸರಿಟ್ಟ ಪತಂಗ. ವಿಷದ ಕಣಗಿಲೆ ಎಲೆಯನ್ನೂ ತಿಂದು ಅರಗಿಸಿಕೊಳ್ಳುತ್ತೆ. ಆಫ್ರಿಕಾದಿಂದ ಯುರೋಪಿನವರೆಗೂ ಹಾರಬಲ್ಲದು! ಬಲಿತ ಹುಳ ಕಂದು ಬಣ್ಣಕ್ಕೆ ತಿರುಗಿ, ನೆಲಕ್ಕಿಳಿದು, ತರಗೆಲೆಯಡಿ ಕೋಶವಾಗುತ್ತೆ.

"ಔಷಧಿ ಬೇಡ ದೊಡ್ಡಮ್ಮ, ಗಿಡ ಮತ್ತೆ ಚಿಗುರುತ್ತೆ. ಬುಡದ ತರಗೆಲೆ ಮಾತ್ರ ಗುಡಿಸಬೇಡಿ" ಅಂದೆ. ದಿನಾ ಅಂಗಳ ಗುಡಿಸೋ ಅವರಿಗೆ ಅದೇ ಕಷ್ಟದ ಮಾತು.

ಒಂದು ತಿಂಗಳಾದ ಮೇಲೆ ಫೋನ್ ಬಂತು. "ಮುಸ್ಸಂಜೆ ಮಲ್ಲಿಗೆ ಹತ್ರ ಹಸಿರು ಪತಂಗ ಕಣೋ, ರೆಕ್ಕೆ ಮೇಲೆ ತಿಳಿ ಗುಲಾಬಿ. ನಿಂತಲ್ಲೇ ಹಾರ್ತಾ ಜೇನು ಹೀರ್ತಿತ್ತು. ನಿಮ್ಮ ದೊಡ್ಡಪ್ಪ ಇದ್ದಿದ್ರೆ ಕರೆದು ತೋರಿಸ್ತಿದ್ದೆ."

ನಂದಿಬಟ್ಟಲೂ ಚಿಗುರಿದೆಯಂತೆ.