ಇಬ್ಬರಿಗಾಗುವ ಹಲಗೆ

ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿನ ಸೆಕೆ, ನೀರಿನ ಲಾರಿ, ಮನೆ ಮಾಲೀಕರ ಕಟ್ಟುಪಾಡು ಎಲ್ಲ ಅಭ್ಯಾಸವಾಗಿದೆ. ಅಭ್ಯಾಸವಾಗದೇ ಉಳಿದದ್ದು ಒಂದೇ. ಇಲ್ಲಿ ಸೂರ್ಯ ಸಮುದ್ರದಲ್ಲಿ ಹುಟ್ಟುತ್ತಾನೆ. ಕುಮಟಾ ಕಡೆಯ ನಮಗೆ ಅವನು ಸಮುದ್ರದಲ್ಲಿ ಮುಳುಗಬೇಕು.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಇಲ್ಲಿಗೆ ಕರೆತಂದೆ. ಆಗ ಅವರಿಗೆ 74. ಅಘನಾಶಿನಿ ಸಮುದ್ರ ಸೇರುವಲ್ಲಿ ಪಾತಿ ದೋಣಿ ಹಾಕಿಕೊಂಡು, ಮೀನು ಹಿಡಿದು, ಬಳಚು ಹೆಕ್ಕಿ ನಮ್ಮನ್ನು ಓದಿಸಿದವರು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಕೂತರು. ಅಷ್ಟೇ. "ಊಟ ಆಯ್ತಾ ಅಪ್ಪಾ?" ಅಂದರೆ "ಹೂಂ". "ಟೀವಿ ಹಾಕ್ಲಾ?" ಅಂದರೆ "ಬ್ಯಾಡ". ಒಮ್ಮೊಮ್ಮೆ ತಾವಾಗಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈಗ ಭರತವೋ, ಇಳಿತವೋ?" ಆ ಫ್ಲಾಟಿನಲ್ಲಿ ಇದಕ್ಕೆ ಉತ್ತರ ಗೊತ್ತಿದ್ದವರು ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಡಾಕ್ಟರು ನನಗೆ ತೂಕ ಇಳಿಸಲು ಹೇಳಿದ್ದರು. ಆಫೀಸಿನ ಗೆಳತಿಯೊಬ್ಬಳು ಕೋವಳಂಗೆ ಎಳೆದುಕೊಂಡು ಹೋದಳು. ಕೇರಳದ ಕೋವಳಂ ಅಲ್ಲ, ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಸಿಗುವುದು. ಅಲ್ಲಿನ ಮುಟ್ಟುಕಾಡು ಹಿನ್ನೀರಿನಲ್ಲಿ ಹುಡುಗನೊಬ್ಬ ಅಗಲದ ಹಲಗೆಯ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟು ಹಾಕುತ್ತಾ ಸಾಗುತ್ತಿದ್ದ. ಇದಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡು ಅನ್ನುತ್ತಾರೆ. ಈಗಿನ ರೂಪದಲ್ಲಿ ಇದು ಹವಾಯಿ ದ್ವೀಪಗಳಿಂದ ಬಂದದ್ದು. ನಮ್ಮ ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲೂ 2024ರ ಮಾರ್ಚಿನಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿದೆ. ನನಗಂತೂ ಅಪ್ಪನ ಪಾತಿ ದೋಣಿಯನ್ನೇ ಯಾರೋ ತಟ್ಟಿ ಚಪ್ಪಟೆ ಮಾಡಿದ ಹಾಗೆ ಕಂಡಿತು.

ನಾಲ್ಕು ಸಲ ಬಾಡಿಗೆ ಹಲಗೆಯಲ್ಲಿ ಕಲಿತೆ. ಐದನೇ ವಾರಕ್ಕೆ ದುಡ್ಡು ಬಿಚ್ಚಿದೆ. ಅಂಗಡಿಯವನು "ಯಾತಕ್ಕೆ ಬೇಕು ಮೇಡಂ?" ಅಂದ. "ವೇಗವಾಗಿ ಹೋಗಬೇಕು" ಅಂದೆ. ದೋಣಿಕಾರನ ಮಗಳೆಂಬ ಜಂಬ ನೋಡಿ! ಹನ್ನೆರಡೂವರೆ ಅಡಿ ಉದ್ದ, 28 ಇಂಚು ಅಗಲದ್ದು ಕೊಟ್ಟ. ಅದು ದೂರ ಹೋಗುವವರ ಹಲಗೆ. ಉದ್ದ ಹೆಚ್ಚಿದಷ್ಟೂ ನೇರ ಓಡುತ್ತದೆ, ಅಗಲ ಕಡಿಮೆಯಾದಷ್ಟೂ ಅಲುಗಾಡುತ್ತದೆ. ಮೊದಲ ದಿನ ಏಳು ಸಲ ನೀರಿಗೆ ಬಿದ್ದೆ. ಎಂಟನೇ ಸಲ ಏಳುವ ಮನಸ್ಸಾಗಲಿಲ್ಲ. ನಷ್ಟಕ್ಕೆ ಮಾರಿದೆ.

ಕಲಿಸುತ್ತಿದ್ದ ಹುಡುಗ ಅಲ್ಲಿಯ ಮೀನುಗಾರರ ಮನೆಯವನು. "ಅಕ್ಕಾ, ಬೋರ್ಡು ಯಾರಿಗೆ ಅಂತ ಮೊದಲು ಹೇಳಿ, ಯಾವುದು ಅಂತ ನಾನು ಹೇಳ್ತೇನೆ" ಎಂದು ತಮಿಳಿನಲ್ಲಿ ಹೇಳಿದ. ಆ ಹೊತ್ತಿನ ತನಕ ನನಗೇ ಗೊತ್ತಿರಲಿಲ್ಲ, ಬಾಯಿಂದ ಬಂದುಬಿಟ್ಟಿತು: "ನನಗೆ, ಮತ್ತೆ ನನ್ನ ಅಪ್ಪನಿಗೆ."

ಅವನು ನಗಲಿಲ್ಲ. ಲೆಕ್ಕ ಹಾಕಿದ. ನಾನು 68 ಕಿಲೋ, ಅಪ್ಪ 52, ಒಟ್ಟು 120. ಹೊಸಬರಿಗೆ ತೂಕದ ಎರಡರಷ್ಟು ಲೀಟರ್ ಗಾತ್ರ ಬೇಕು ಎಂಬುದೊಂದು ಅಂದಾಜು. ಅಂದರೆ 240 ಲೀಟರಿಗೆ ಕಡಿಮೆ ಬೇಡ, ಹೆಚ್ಚಿದ್ದರೆ ಒಳ್ಳೆಯದು. ಒಬ್ಬರಿಗೇ ಆದರೆ ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ ಸಾಕು. ಇಬ್ಬರಿಗೆ ಹನ್ನೊಂದೂವರೆ ಅಡಿ, 34 ಇಂಚು. ಗಟ್ಟಿ ಹಲಗೆಯೋ, ಗಾಳಿ ತುಂಬುವುದೋ? ಗಟ್ಟಿಯದು ನೀರಿನ ಮೇಲೆ ಚುರುಕು, ಆದರೆ ನಮ್ಮ ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ಗಾಳಿಯದು ಸುತ್ತಿ ಚೀಲಕ್ಕೆ ಹಾಕಿ ಬೆನ್ನಿಗೇರಿಸಬಹುದು. 15 ಪಿಎಸ್‌ಐವರೆಗೆ ಕೈಪಂಪು ಒತ್ತುವಾಗಲೇ ಡಾಕ್ಟರು ಹೇಳಿದ ವ್ಯಾಯಾಮ ಮುಗಿದಿರುತ್ತದೆ. ಮೆತ್ತಗೆ ಬಿಟ್ಟರೆ ಹಲಗೆ ನಡುವೆ ಬಾಗುತ್ತದೆ. ಹಾಗಂತ ತುಂಬಿದ್ದನ್ನು ಬಿಸಿಲಲ್ಲಿ ಬಿಡಬಾರದು, ಒಳಗಿನ ಗಾಳಿ ಹಿಗ್ಗುತ್ತದೆ.

ಅಪ್ಪನನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಈ ವಯಸ್ಸಿಗೆ ಆಟವೇನೇ ತಂಗೀ?" ಅಂದರು. ಒಂದು ಶನಿವಾರ ಬೆಳಿಗ್ಗೆ ಸುಮ್ಮನೆ ನೋಡಲು ಬಂದರು. ಲೈಫ್ ಜಾಕೆಟ್ ಕಂಡು ಮುಖ ಸಿಂಡರಿಸಿದರು. "ಅರವತ್ತು ವರ್ಷ ನೀರಲ್ಲಿದ್ದವಂಗೆ ಇದೆಂತಕ್ಕೆ?" ನಾನು ಮಾತಾಡದೆ ನನ್ನದನ್ನು ಕಟ್ಟಿಕೊಂಡೆ. ಸ್ವಲ್ಪ ಹೊತ್ತು ನೋಡಿ, "ನೀ ಹಾಕ್ಕಂಡ್ರೆ ನಾನೂ ಹಾಕ್ಕಂತೆ" ಅಂದರು.

ಆಮೇಲೆ ಶುರುವಾಯಿತು ತಪಾಸಣೆ. ಹುಟ್ಟು ಎತ್ತಿ ನೋಡಿದರು. ನಿಂತು ಹಾಕುವ ಹುಟ್ಟು ನಮಗಿಂತ ಒಂದು ಗೇಣು ಎತ್ತರ ಇರಬೇಕು. ಅದರ ಅಲಗು ಮುಂದಕ್ಕೆ ಬಾಗಿರುತ್ತದೆ. "ತಿರುಗಿಸಿ ಹಿಡಿದಿದ್ದೀ" ಎಂದು ಅಪ್ಪ ಗದರಿದರು. ಇಲ್ಲಜ್ಜ, ಇದು ಹೀಗೆಯೇ ಎಂದು ಹುಡುಗ ತೋರಿಸಿದ. ಅಪ್ಪ ಒಪ್ಪಲಿಲ್ಲ. ಎರಡೂ ರೀತಿ ನೀರು ಎಳೆದು ನೋಡಿದ ಮೇಲೆ ಸುಮ್ಮನಾದರು. ಹಲಗೆಯ ಅಡಿಯ ರೆಕ್ಕೆ ಕಂಡು ಮಾತ್ರ, "ಈ ಬಾಲ ಹೂಳಿಗೆ ತಾಗ್ತದೆ" ಅಂದರು. ಹತ್ತು ನಿಮಿಷದಲ್ಲಿ ಮರಳದಿಬ್ಬಕ್ಕೆ ತಾಗಿ ಇಬ್ಬರೂ ಮುಗ್ಗರಿಸಿದೆವು. ಗಿಡ್ಡ ರೆಕ್ಕೆ ಹಾಕಿಸಿದೆವು.

ಅಪ್ಪ ಮುಂದೆ ಕಾಲು ಮಡಚಿ ಕೂತರು, ನಾನು ಹಿಂದೆ ಮೊದಲು ಮಂಡಿಯೂರಿ, ಮತ್ತೆ ಎದ್ದು ನಿಂತೆ. ಕಾಲು ನೋಡಬಾರದು, ದೂರ ನೋಡಬೇಕು. "ಗಾಳಿಗೆ ಎದುರಾಗಿ ಹೋಗು. ಬರುವಾಗ ದಣಿದಿರ್ತೆ, ಅದೇ ತರ್ತದೆ" ಅಂದರು. ಹುಡುಗನೂ ನನಗೆ ಮೊದಲ ಪಾಠವೆಂದು ಹೇಳಿಕೊಟ್ಟದ್ದು ಇದನ್ನೇ.

ಅವನ ತಾತನ ಕಾಲದಲ್ಲಿ ಈ ತೀರದಲ್ಲಿ ಕಟ್ಟುಮರವಿತ್ತಂತೆ. ಮರದ ದಿಮ್ಮಿಗಳನ್ನು ಕಟ್ಟಿ ಅದರ ಮೇಲೇ ಸಮುದ್ರಕ್ಕೆ ಹೋಗುವುದು. ಇಂಗ್ಲಿಷಿನ ಕೆಟಮರಾನ್ ಹುಟ್ಟಿದ್ದು ಆ ಹೆಸರಿನಿಂದ. ಅಪ್ಪನಿಗೆ ಅರ್ಥ ಹೇಳಬೇಕಾಗಲಿಲ್ಲ. "ಕಟ್ಟು, ಮರ. ನಮ್ಮದೇ ಮಾತು" ಅಂದರು.

ನೀರಿನ ನಡುವೆ ಕೈ ಇಳಿಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಭರತ ಏರ್ತಾ ಉಂಟು" ಅಂದರು. ಮತ್ತೆ, ತಿರುಗದೆಯೇ, "ನಿನ್ನ ಅಬ್ಬೆ ಹೀಂಗೇ ಮುಂದೆ ಕೂತ್ಕಂಡು ಬಳಚಿನ ಬುಟ್ಟಿ ಹಿಡ್ಕಂತಿತ್ತು. ನಾನು ಹಿಂದೆ" ಅಂದರು. ಅಮ್ಮ ಹೋದ ಮೇಲೆ ಅಪ್ಪ ಅವಳ ಮಾತೆತ್ತಿದ್ದು ಅದೇ ಮೊದಲು. ನಾನು ಉತ್ತರ ಕೊಡಲಿಲ್ಲ. ಹುಟ್ಟು ಹಾಕುತ್ತಾ ಇದ್ದೆ. ಅಪ್ಪ ಹೇಳುತ್ತಾ ಇದ್ದರು.

ನೀವು ಯಾರಾದರೂ ಇಂಥ ಹಲಗೆ ಕೊಳ್ಳುವುದಿದ್ದರೆ ಉದ್ದ, ಅಗಲ, ಲೀಟರು ಎಲ್ಲ ಕೇಳಿ. ಅದಕ್ಕೂ ಮೊದಲು ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿಕೊಳ್ಳಿ. ನನ್ನ ತೂಕ ಎರಡು ಕಿಲೋ ಇಳಿದಿದೆ, ಡಾಕ್ಟರಿಗೆ ಅಷ್ಟು ಸಾಲದು. ಹಲಗೆ ಸಿಹಿನೀರಲ್ಲಿ ತೊಳೆದು ಬಾಲ್ಕನಿಯಲ್ಲಿ ಒಣಗುತ್ತದೆ, ಅಪ್ಪನ ಕುರ್ಚಿಯ ಪಕ್ಕದಲ್ಲೇ. ಶುಕ್ರವಾರ ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ದನಿ ಬರುತ್ತದೆ:

"ತಂಗೀ, ನಾಳೆ ಎಷ್ಟು ಗಂಟೆಗೆ?"