ಹಿಮಖಂಡಕ್ಕೆ ಕಟ್ಟಿದ ಬುತ್ತಿ

ಮಗ ಗೆಳೆಯರೊಡನೆ ಬೆಟ್ಟ ಹತ್ತಲು ಹೊರಟನೆಂದರೆ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ತಿನ್ನೋದಕ್ಕೆ ಏನು ಕಟ್ಟಲಿ?’ ಎಂಬುದು. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಒಂದಿಷ್ಟು ಚಕ್ಕುಲಿ. ಹೊರಡುವ ಗಳಿಗೆಯಲ್ಲಿ ತಾಯಿ ಇನ್ನೆರಡು ಪೊಟ್ಟಣ ತುರುಕುತ್ತಾಳೆ. ಹೊರಬೇಕಾದ ಮಗ ಗೊಣಗುತ್ತಾನೆ. ನೀರು ಎಷ್ಟು ಬೇಕೆಂದು ಕೇಳುವವರು ಕಡಿಮೆ. ಬರುವುದು ಒಂದು ದಿನ ತಡವಾದರೆ ಏನು ಗತಿ ಎಂದು ಕೇಳುವವರು ಇನ್ನೂ ಕಡಿಮೆ. ಯಾರಾದರೂ ಕೇಳಿದರೂ ಅಜ್ಜಿ ‘ಬಿಡ್ತು ಅನ್ನು’ ಎಂದು ಗದರಿಸಿ ಆ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತಾಳೆ.

ಬುತ್ತಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ಕೊನೆಯ ಪ್ರಶ್ನೆಯೇ. ಊರು, ಅಂಗಡಿ, ಬಾವಿ ಯಾವುದೂ ಇಲ್ಲದ ಕಡೆಗೆ ಹೋಗುವವರು ಈ ಲೆಕ್ಕವನ್ನು ಹೇಗೆ ಮಾಡುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ತಿಳಿಯಲು 1911–12ರ ದಕ್ಷಿಣ ಧ್ರುವ ಯಾತ್ರೆಗಳನ್ನು ನೋಡಬೇಕು. ನಾರ್ವೆಯ ರೋಲ್ಡ್ ಅಮುಂಡ್‌ಸೆನ್ 1911ರ ಡಿಸೆಂಬರ್ 14ರಂದು ನಾಲ್ವರು ಸಂಗಡಿಗರೊಡನೆ ಧ್ರುವ ತಲುಪಿದ. ಇಂಗ್ಲೆಂಡಿನ ರಾಬರ್ಟ್ ಸ್ಕಾಟ್ ಮತ್ತು ಆತನ ನಾಲ್ವರು ಸಂಗಡಿಗರು 1912ರ ಜನವರಿ 17ರಂದು ಅಲ್ಲಿಗೆ ಬಂದರು. ಮೊದಲಿನ ಐವರೂ ಸುಖವಾಗಿ ಮರಳಿದರು. ಎರಡನೆಯ ಐವರಲ್ಲಿ ಒಬ್ಬನೂ ಮರಳಲಿಲ್ಲ. ಯಾರು ಮೊದಲು ತಲುಪಿದರೆಂಬುದು ಶಾಲೆಯ ಪಾಠಗಳಲ್ಲಿ ಬರುತ್ತದೆ. ಅವರು ಏನು ತಿಂದರು, ನೀರಿಗೆ ಏನು ಮಾಡಿದರು ಎಂಬುದು ಬರುವುದಿಲ್ಲ.

ಸ್ಕಾಟ್ ಉಡಾಫೆಯ ಮನುಷ್ಯನಾಗಿದ್ದ ಎಂದು ತಿಳಿಯಬೇಕಾಗಿಲ್ಲ. ಧ್ರುವಕ್ಕೆ ಹೊರಡುವ ಮೊದಲು, 1911ರ ಚಳಿಗಾಲದಲ್ಲಿ, ಆತನ ತಂಡದ ವಿಲ್ಸನ್, ಬೋವರ್ಸ್ ಮತ್ತು ಚೆರಿ-ಗರಾರ್ಡ್ ಎಂಬ ಮೂವರು ಕತ್ತಲೆಯಲ್ಲೇ ಐದು ವಾರ ಪಯಣಿಸಿ ಆಹಾರದ ಪ್ರಯೋಗವನ್ನೇ ನಡೆಸಿದ್ದರು. ಒಬ್ಬನಿಗೆ ಕೊಬ್ಬು ಹೆಚ್ಚು, ಒಬ್ಬನಿಗೆ ಬಿಸ್ಕತ್ತು ಹೆಚ್ಚು, ಇನ್ನೊಬ್ಬನಿಗೆ ಪೆಮಿಕನ್ ಹೆಚ್ಚು. ಪೆಮಿಕನ್ ಎಂದರೆ ಒಣಗಿಸಿ ಪುಡಿಮಾಡಿದ ಮಾಂಸಕ್ಕೆ ಕರಗಿಸಿದ ಕೊಬ್ಬು ಬೆರೆಸಿ ಗಟ್ಟಿಮಾಡಿದ ಆಹಾರ. ಈ ಅನುಭವದ ಮೇಲೆ ಎತ್ತರದ ಪ್ರದೇಶಕ್ಕೆ ದಿನದ ಪಡಿ ನಿಗದಿಯಾಯಿತು: ತಲೆಗೆ ಬಿಸ್ಕತ್ತು 450 ಗ್ರಾಂ, ಪೆಮಿಕನ್ 340, ಸಕ್ಕರೆ 85, ಬೆಣ್ಣೆ 57, ಸ್ವಲ್ಪ ಕೋಕೋ, ಸ್ವಲ್ಪ ಚಹಾ. ಕೂಡಿದರೆ ಸುಮಾರು 975 ಗ್ರಾಂ. ಅಮುಂಡ್‌ಸೆನ್ನನ ಪಡಿ: ಬಿಸ್ಕತ್ತು 400 ಗ್ರಾಂ, ಪೆಮಿಕನ್ 375, ಚಾಕೊಲೇಟು 125, ಹಾಲಿನ ಪುಡಿ 75. ಇದೂ 975 ಗ್ರಾಂ!

ತೂಕ ಒಂದೇ ಇದ್ದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ನಾರ್ವೆಯವರ ಜಾರುಬಂಡಿಗಳನ್ನು ನಾಯಿಗಳು ಎಳೆದವು. ಮನುಷ್ಯರು ಹಿಮಜಾರುಗೆ ಕಟ್ಟಿಕೊಂಡು ಜೊತೆಗೆ ಸಾಗಿದರು. ಸ್ಕಾಟ್ ತಂಡದ ಮೋಟಾರು ಬಂಡಿಗಳು ಬೇಗನೆ ಕೆಟ್ಟವು, ಕುದುರೆಗಳು ಹಿಮನದಿಯ ಬುಡದವರೆಗಷ್ಟೇ ಬಂದವು. ಅಲ್ಲಿಂದ ಮುಂದೆ ಮನುಷ್ಯರೇ ಬಂಡಿಗೆ ಹೆಗಲು ಕೊಟ್ಟರು. ಅವರ ಪಡಿಯಿಂದ ದಿನಕ್ಕೆ ಸುಮಾರು 4,500 ಕಿಲೊಕ್ಯಾಲೊರಿ ಸಿಗುತ್ತಿತ್ತು. ಅಂಥ ಎಳೆತಕ್ಕೆ 6,000ಕ್ಕೂ ಹೆಚ್ಚು ಬೇಕೆಂಬುದು ಈಗ ತಿಳಿದಿದೆ. ಪಡಿಯನ್ನು ಒಂದು ತುಣುಕೂ ಬಿಡದೆ ತಿಂದು ಮುಗಿಸಿದರೂ ಆ ಜನ ದಿನದಿನವೂ ಸೊರಗುತ್ತಲೇ ಇದ್ದರು. ಅಮುಂಡ್‌ಸೆನ್ನನೋ ಹಿಂದಿರುಗುವಾಗ ಪೆಮಿಕನ್ ಪಾಲನ್ನು ಏರಿಸಿದ. 52 ನಾಯಿಗಳೊಡನೆ ಹೊರಟವನು 11 ನಾಯಿಗಳೊಡನೆ ಮರಳಿದ. ಹೊರೆ ಕಡಿಮೆಯಾದಂತೆ ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರ ಮಾಡುವುದೆಂದು ಮೊದಲೇ ಬರೆದಿಟ್ಟಿದ್ದ. ಕೇಳಲು ಹಿತವಾದ ಸಂಗತಿಯಲ್ಲ. ಬರೆದಿಟ್ಟಿದ್ದನೆಂಬುದು ಮಾತ್ರ ನಿಜ.

ಇನ್ನು ನೀರಿನ ಮಾತು. ಭೂಮಿಯ ಸಿಹಿನೀರಿನ ಬಹುಪಾಲು ಅಂಟಾರ್ಕ್ಟಿಕದಲ್ಲಿದೆ. ಕಾಲಿಟ್ಟಲ್ಲೆಲ್ಲ ನೀರೇ, ಆದರೆ ಕುಡಿಯಲು ಒಂದು ಲೋಟವೂ ಇಲ್ಲ. ಹತ್ತನೇ ತರಗತಿಯ ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. ಮಂಜುಗಡ್ಡೆಯ ಗುಪ್ತೋಷ್ಣ ಗ್ರಾಮಿಗೆ 80 ಕ್ಯಾಲೊರಿ. ಸೊನ್ನೆಗಿಂತ 30 ಡಿಗ್ರಿ ಕೆಳಗಿರುವ ಒಂದು ಕಿಲೊ ಹಿಮವನ್ನು ಸೊನ್ನೆಗೆ ತರಲು 15 ಕಿಲೊಕ್ಯಾಲೊರಿ, ಕರಗಿಸಲು 80, ಕರಗಿದ ನೀರನ್ನು ಕುದಿಸಲು 100, ಒಟ್ಟು 195. ಬೆಂಗಳೂರಿನ ಅಡುಗೆಮನೆಯಲ್ಲಿ 25 ಡಿಗ್ರಿಯ ಒಂದು ಲೀಟರ್ ನೀರು ಕುದಿಯಲು 75 ಸಾಕು. ಅಂದರೆ ಅಲ್ಲಿ ಒಂದು ಲೀಟರ್ ಚಹಾಕ್ಕೆ ಇಲ್ಲಿನ ಎರಡೂವರೆ ಪಟ್ಟಿಗೂ ಹೆಚ್ಚು ಉರುವಲು ಬೇಕು. ಒಲೆಯ ಗೊಡವೆಯೇ ಬೇಡ, ಹಿಮವನ್ನೇ ತಿಂದರಾಯಿತು ಎನ್ನೋಣವೇ? ಆಗ ಒಲೆಯ ಕೆಲಸವನ್ನು ಮೈ ಮಾಡಬೇಕಾಗುತ್ತದೆ. ಆ ಒಂದು ಕಿಲೊ ಹಿಮವನ್ನು ದೇಹದ ಶಾಖಕ್ಕೆ ತರಲು 130 ಕಿಲೊಕ್ಯಾಲೊರಿಗೂ ಹೆಚ್ಚು ಖರ್ಚು. ಮೊದಲೇ ಸೊರಗಿದ ಮೈ ಅದನ್ನು ಎಲ್ಲಿಂದ ತರಬೇಕು? ಆದ್ದರಿಂದ ಹಿಮದ ನಾಡಿನಲ್ಲಿ ಸೀಮೆಎಣ್ಣೆಯೇ ನೀರು. ಸೀಮೆಎಣ್ಣೆ ಮುಗಿದರೆ ಬಿಸಿ ಊಟ ಹೋಯಿತು, ಚಹಾ ಹೋಯಿತು, ಕುಡಿಯುವ ನೀರೂ ಹೋಯಿತು.

ಸ್ಕಾಟ್ ತಂಡಕ್ಕೆ ಆದದ್ದು ಇದೇ. ಹಿಂದಿರುಗುವ ದಾರಿಯಲ್ಲಿ ಅಲ್ಲಲ್ಲಿ ದಾಸ್ತಾನು ಇಟ್ಟಿದ್ದರು. ಡಬ್ಬಗಳನ್ನು ತೆರೆದು ನೋಡಿದರೆ ಸೀಮೆಎಣ್ಣೆ ಇರಬೇಕಾದಷ್ಟು ಇರಲಿಲ್ಲ. ಮುಚ್ಚಳದ ಚರ್ಮದ ವಾಷರುಗಳು ಚಳಿಗೆ ಬಿಗಿ ಕಳೆದುಕೊಂಡು, ಬಿಸಿಲಿಗೆ ಎಣ್ಣೆ ಆವಿಯಾಗಿ ಹೋಗಿತ್ತು. ಅಮುಂಡ್‌ಸೆನ್ನನ ಡಬ್ಬಗಳೇನೂ ವಿಶೇಷವಾದವಲ್ಲ. ಅವೂ ದುರ್ಬಲವಾಗಿದ್ದವು. ಆದರೆ ಬ್ಯೋಲಾಂಡ್ ಎಂಬ ಆತನ ಸಂಗಡಿಗ ದಾರಿಯುದ್ದಕ್ಕೂ ಅವಕ್ಕೆ ಬೆಸುಗೆ ಹಾಕುತ್ತಲೇ ಹೋದ, ಎಣ್ಣೆ ಸೋರಲಿಲ್ಲ. ಇಷ್ಟು ಚಿಕ್ಕ ಕೆಲಸ!

ಇದರ ಮೇಲೆ ಇನ್ನೊಂದು. ಸ್ಕಾಟನ ಏರ್ಪಾಡೆಲ್ಲ ನಾಲ್ಕು ಜನರ ಗುಂಪಿಗೆ ಆಗಿತ್ತು. ಪಡಿಯ ಕಟ್ಟು, ಡೇರೆ, ಅಡುಗೆಯ ಪಾತ್ರೆ ಎಲ್ಲವೂ ನಾಲ್ವರ ಲೆಕ್ಕ. 1912ರ ಜನವರಿ ಮೊದಲ ವಾರದಲ್ಲಿ, ಧ್ರುವದತ್ತ ಕೊನೆಯ ಹಂತ ಹೊರಡುವಾಗ, ಐದನೆಯವನಾಗಿ ಬೋವರ್ಸನನ್ನು ಸೇರಿಸಿಕೊಂಡ. ಐವರಿಗೆ ಅಡುಗೆ ಮಾಡಲು ದಿನಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿದೆಯೆಂದು ತನ್ನ ದಿನಚರಿಯಲ್ಲಿ ತಾನೇ ಗುರುತಿಸಿದ. ಅರ್ಧ ಗಂಟೆ ಎಂದರೆ ನಡಿಗೆಯಲ್ಲೂ ಖೋತಾ, ಎಣ್ಣೆಯಲ್ಲೂ ಖೋತಾ.

ದೊಡ್ಡ ದಾಸ್ತಾನಿನ ಕಥೆ ಇನ್ನೂ ಮರುಕ ಹುಟ್ಟಿಸುವಂಥದು. ಒಂದು ಟನ್ ಸಾಮಾನಿನ ಆ ಕೇಂದ್ರ ದಕ್ಷಿಣ ಅಕ್ಷಾಂಶ 80 ಡಿಗ್ರಿಯಲ್ಲಿ ಇರಬೇಕಾಗಿತ್ತು. 1911ರ ಫೆಬ್ರವರಿಯಲ್ಲಿ ಕುದುರೆಗಳು ಬಳಲಿದ್ದರಿಂದ 79 ಡಿಗ್ರಿ 29 ಮಿನಿಟಿನಲ್ಲೇ ಇಳಿಸಿದರು. ಅಂದರೆ ಸುಮಾರು 57 ಕಿಲೊಮೀಟರ್ ಹಿಂದೆ. ಸೋತ ಕುದುರೆಗಳನ್ನು ಬಲಿಕೊಟ್ಟಾದರೂ ಮುಂದೆ ಹೋಗೋಣವೆಂದು ಓಟ್ಸ್ ಹೇಳಿದ್ದ. ಸ್ಕಾಟನಿಗೆ ಮನಸ್ಸು ಬರಲಿಲ್ಲ. ಮುಂದಿನ ವರ್ಷ ಮಾರ್ಚಿಯಲ್ಲಿ ಸ್ಕಾಟ್, ವಿಲ್ಸನ್, ಬೋವರ್ಸ್ ಕೊನೆಯ ಡೇರೆ ಹೂಡಿದ್ದು ಆ ದಾಸ್ತಾನಿಗೆ ಸುಮಾರು 20 ಕಿಲೊಮೀಟರ್ ದೂರದಲ್ಲಿ. ಓಟ್ಸ್ ಅಷ್ಟರಲ್ಲಿ ತೀರಿಕೊಂಡಿದ್ದ. ದಾಸ್ತಾನು 80 ಡಿಗ್ರಿಯಲ್ಲೇ ಇದ್ದಿದ್ದರೆ ಅದು ಅವರಿಗೆ ಮೊದಲೇ ಸಿಕ್ಕಿರುತ್ತಿತ್ತು.

ಆ ಮಾರ್ಚಿಯ ಚಳಿ ಸಾಮಾನ್ಯದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ವಾಯುಮಂಡಲ ವಿಜ್ಞಾನಿ ಸೂಸನ್ ಸಾಲೊಮನ್ ಹವಾಮಾನದ ದಾಖಲೆಗಳನ್ನು ಹೋಲಿಸಿ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ತೋರಿಸಿದ್ದಾರೆ. ಸ್ಕಾಟ್ ತಪ್ಪು ಲೆಕ್ಕ ಹಾಕಿದ ಎನ್ನುವುದಕ್ಕಿಂತ, ಸರಾಸರಿಗೆ ಲೆಕ್ಕ ಹಾಕಿದ ಎನ್ನುವುದು ಸರಿ. ಸರಾಸರಿ ಚಳಿ, ಸರಾಸರಿ ವೇಗ, ಎಲ್ಲ ಡಬ್ಬಗಳೂ ತುಂಬಿರುತ್ತವೆ ಎಂಬ ಭರವಸೆ. ಸರಾಸರಿ ಮೊಣಕಾಲುದ್ದ ನೀರಿರುವ ಹೊಳೆಯಲ್ಲೂ ಆಳು ಮುಳುಗುವ ಮಡು ಇರಬಹುದಲ್ಲವೇ?

ಪಶ್ಚಿಮಘಟ್ಟಕ್ಕೆ ಚಾರಣ ಹೊರಡುವ ಮಕ್ಕಳಿಗೆ ಹಿಮದ ಭಯವಿಲ್ಲ. ಆದರೂ ಲೆಕ್ಕದ ಕ್ರಮ ಅದೇ. ಬಿಸಿಲಿನಲ್ಲಿ ಏರು ಹತ್ತುವವನ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗಬಹುದು. ನೀರಿಗೆ ಲೀಟರಿಗೊಂದು ಕಿಲೊ ತೂಕ. ಐದು ಲೀಟರ್ ಹೊತ್ತರೆ ಹೆಗಲು ಮಾತಾಡುತ್ತದೆ. ದಾರಿಯಲ್ಲಿ ತೊರೆ ಇದೆಯೆಂದು ಹೋದವರೊಬ್ಬರು ಹೇಳಿರಬಹುದು. ಅವರು ಹೋದದ್ದು ಯಾವ ತಿಂಗಳಲ್ಲಿ ಎಂದು ಕೇಳಬೇಕು. ನವೆಂಬರಿನಲ್ಲಿ ತುಂಬಿ ಹರಿಯುವ ತೊರೆ ಮಾರ್ಚಿಯಲ್ಲಿ ಬರೀ ಕಲ್ಲಾಗಿರುತ್ತದೆ. ಸಿಕ್ಕ ನೀರನ್ನು ಕುದಿಸೋಣವೆಂದರೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವಂತಿಲ್ಲ. ಕ್ಲೋರಿನ್ ಮಾತ್ರೆ ಚೀಲದಲ್ಲಿರಬೇಕು. ಅಮ್ಮ ಕಟ್ಟಿದ ಚಕ್ಕುಲಿ, ಖಾರದ ಅವಲಕ್ಕಿ ಚೀಲದಲ್ಲಿ ಹಗುರ, ನಿಜ. ಹೊಟ್ಟೆಗೆ ಇಳಿದ ಮೇಲೆ ಅವು ನೀರು ಕೇಳುತ್ತವೆ. ಬಾಳೆಹಣ್ಣು, ಕಿತ್ತಳೆ ಭಾರವಾದರೂ ನೀರನ್ನು ತಮ್ಮೊಡನೆಯೇ ತರುತ್ತವೆ. ಇಷ್ಟೆಲ್ಲ ಕೂಡಿ, ತಡವಾಗುವ ಅರ್ಧ ದಿನಕ್ಕೆಂದು ಇನ್ನಷ್ಟು ಸೇರಿಸಿದ ಮೇಲೆ ಚೀಲದ ಬಾಯಿ ಕಟ್ಟಬಹುದು.

ಸ್ಕಾಟ್ ತಂಡದ್ದೇ ಇನ್ನೊಂದು ಪ್ರಸಂಗವಿದೆ. ಅದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಬೋವರ್ಸನನ್ನು ಬಿಟ್ಟುಕೊಟ್ಟ ಮೇಲೆ ಉಳಿದ ಲೆಫ್ಟಿನೆಂಟ್ ಇವಾನ್ಸ್, ಲ್ಯಾಶ್ಲಿ ಮತ್ತು ಟಾಮ್ ಕ್ರೀನ್ ಮೂವರೇ ಹಿಂದಿರುಗಿದರು. ದಾರಿಯಲ್ಲಿ ಇವಾನ್ಸನಿಗೆ ಸ್ಕರ್ವಿ ತಗಲಿತು. ಸಿ ಜೀವಸತ್ವದ ಕೊರತೆಯಿಂದ ಈ ರೋಗ ಬರುತ್ತದೆಂಬುದು ಆಗಿನ್ನೂ ತಿಳಿದಿರಲಿಲ್ಲ. ಆತ ನಿಲ್ಲಲಾರದ ಸ್ಥಿತಿಗೆ ಬಂದಾಗ ಇಬ್ಬರೂ ಬಂಡಿಯ ಮೇಲೆ ಮಲಗಿಸಿ ಎಳೆದರು. ಕೊನೆಗೆ ಅದೂ ಸಾಧ್ಯವಾಗದೆ, 1912ರ ಫೆಬ್ರವರಿ 18ರಂದು ಲ್ಯಾಶ್ಲಿ ರೋಗಿಯ ಬಳಿ ಉಳಿದ. ಕ್ರೀನ್ ಸಹಾಯ ತರಲು ಒಬ್ಬನೇ ಹೊರಟ. ಬಿಡಾರಕ್ಕೆ 56 ಕಿಲೊಮೀಟರ್. ಡೇರೆಯಿಲ್ಲ, ಒಲೆಯಿಲ್ಲ. ಜೇಬಿನಲ್ಲಿ ಮೂರು ಬಿಸ್ಕತ್ತು, ಎರಡು ತುಂಡು ಚಾಕೊಲೇಟು. ಅರ್ಧ ದಾರಿಯ ಹತ್ತಿರ ಒಮ್ಮೆ ಕುಳಿತು ಚಾಕೊಲೇಟನ್ನೂ ಎರಡು ಬಿಸ್ಕತ್ತನ್ನೂ ತಿಂದ. ಮೂರನೆಯದನ್ನು ಮತ್ತೆ ಜೇಬಿಗೆ ಹಾಕಿಕೊಂಡು ಎದ್ದ. 18 ಗಂಟೆ ನಡೆದು ಬಿಡಾರದ ಬಾಗಿಲು ತಟ್ಟಿದ. ಹಿಂದೆಯೇ ಹಿಮದ ಬಿರುಗಾಳಿ ಬಂತು. ಅದು ಇಳಿದ ಮೇಲೆ ನಾಯಿಬಂಡಿ ಹೋಗಿ ಇವಾನ್ಸ್ ಮತ್ತು ಲ್ಯಾಶ್ಲಿ ಇಬ್ಬರನ್ನೂ ಜೀವಸಹಿತ ಕರೆತಂದಿತು.